ಗುಟುರು ಹಾಕುವ ಇಂಜಿನ್

ಅಂಧೇರಿಯಲ್ಲಿ ನನ್ನ ಹೋಟೆಲಿನ ಗೋಡೆಗೆ ಅಂಟಿಕೊಂಡೇ ಅಲ್ಲಾಬಕ್ಷರ ತಗಡಿನ ಅಂಗಡಿಯಿದೆ. ಮರ ಕೊಯ್ಯುವ ಚೈನ್‌ಸಾ ಮೆಷಿನ್‌ಗಳ ರಿಪೇರಿ ಅವರ ಕಸುಬು. ನನ್ನಲ್ಲಿ ಇಡ್ಲಿ ಬೇಯುವ ಹೊತ್ತಿಗೆ ಸರಿಯಾಗಿ ಅವರು ಮೆಷಿನ್ ಚಾಲೂ ಮಾಡುತ್ತಾರೆ. ಸಾಂಬಾರಿನ ಪರಿಮಳದೊಳಗೆ ಪೆಟ್ರೋಲಿನ ಹೊಗೆ ನುಗ್ಗುತ್ತದೆ, ಗಿರಾಕಿಗಳು ಮೂಗು ಮುಚ್ಚಿಕೊಳ್ಳುತ್ತಾರೆ, ನನಗೆ ಮೈಯೆಲ್ಲ ಉರಿಯುತ್ತದೆ. ಈ ಮನುಷ್ಯನ ಜೊತೆ ಮಾಡಿದಷ್ಟು ಜಗಳವನ್ನು ನಾನು ನನ್ನ ಹೆಂಡತಿ ನೀಲಾವತಿಯ ಜೊತೆಗೂ ಮಾಡಿಲ್ಲ. ಆದರೆ ಅವರು ಒಂದು ದಿನ ಬಾರದೆ ಹೋದರೆ ನನಗೆ ಗಲ್ಲಾದಲ್ಲಿ ಕೂರಲು ಮನಸ್ಸೇ ಬರುವುದಿಲ್ಲ.

ಅಲ್ಲಾಬಕ್ಷ ವಿಜಯಪುರದ ಕಡೆಯವರು. ಹುಡುಗರಾಗಿದ್ದಾಗ ಮುಂಬಯಿಗೆ ಬಂದು, ಗ್ರಾಂಟ್ ರೋಡಿನ ಒಂದು ಗ್ಯಾರೇಜಿನಲ್ಲಿ ಸ್ಕೂಟರ್ ಬಿಚ್ಚಿ ಜೋಡಿಸುತ್ತ ಕೆಲಸ ಕಲಿತರು. ಯಾರೋ ಒಮ್ಮೆ ಕೆಟ್ಟ ಚೈನ್‌ಸಾ ತಂದುಕೊಟ್ಟರು. ಅದನ್ನು ಸರಿಮಾಡಿದ ಮೇಲೆ ಅವರಿಗೆ ಬೇರೆ ಯಾವ ಇಂಜಿನ್ನೂ ರುಚಿಸಲಿಲ್ಲ. ಹೆಂಡತಿ ದಾವಲಬಿ ಪಕ್ಕದಲ್ಲೇ ಮಣೆ ಹಾಕಿಕೊಂಡು, ಉದ್ದನೆಯ ಅರದಿಂದ ಚೈನಿನ ಹಲ್ಲುಗಳನ್ನು ಒಂದೊಂದಾಗಿ ಉಜ್ಜಿ ಹರಿತ ಮಾಡುತ್ತಾರೆ. ಇಂಜಿನ್ ಗಂಡನದು, ಚೈನ್ ಹೆಂಡತಿಯದು. ಈ ಗಡಿಯನ್ನು ಇಬ್ಬರೂ ದಾಟುತ್ತಿರಲಿಲ್ಲ.

ಅವರ ಮನೆಮಾತು ದಖನಿ ಉರ್ದು. ಅದು ಮುಂಬಯಿಯ ಗಿರಾಕಿಗಳಿಗೆ ಹೇಗೋ ಅರ್ಥವಾಗಿಬಿಡುತ್ತದೆ. ಆದ್ದರಿಂದ ಗಂಡಹೆಂಡಿರು ಜಗಳವನ್ನು ಮಾತ್ರ ಕನ್ನಡದಲ್ಲಿ ಮಾಡುತ್ತಾರೆ. ಮರ್ಯಾದೆ ಉಳಿಯುತ್ತದೆಂದು ಅವರ ಲೆಕ್ಕ. ಗೋಡೆಯಾಚೆ ನಾನೊಬ್ಬ ಇದ್ದೇನೆಂಬುದನ್ನು ಅವರು ಎಂದೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

"ಮೆಷಿನ್ ತಾನಾಗೇ ಸಾಯಂಗಿಲ್ಲ ಮೋನಪ್ಪಣ್ಣಾರ. ನಡಸೋರ ಕೊಲ್ತಾರ," ಎಂದು ಅಲ್ಲಾಬಕ್ಷ ಚಹಾ ಕುಡಿಯುತ್ತ ನನಗೆ ಪಾಠ ಮಾಡುತ್ತಿದ್ದರು. ಈ ಇಂಜಿನ್ನಿಗೆ ಆಯಿಲ್ ಹಾಕಲು ಬೇರೆ ಜಾಗವಿಲ್ಲ. ಪೆಟ್ರೋಲಿನಲ್ಲೇ ಬೆರೆಸಬೇಕು. ಅವಸರದಲ್ಲಿ ಬರೀ ಪೆಟ್ರೋಲ್ ಸುರಿಯುವವರಿದ್ದಾರೆ. ಫಿಲ್ಟರಿನಲ್ಲಿ ಮರದ ಪುಡಿ ಗಟ್ಟಿಯಾಗಿದ್ದರೂ ಕೊಡವದವರಿದ್ದಾರೆ. ಮೊಂಡು ಚೈನ್ ಹಾಕಿ, ಮೈಭಾರವೆಲ್ಲ ಬಿಟ್ಟು ಒತ್ತಿ ಕೊಯ್ಯುವವರಿದ್ದಾರೆ. ಕಾದ ಇಂಜಿನ್ನನ್ನು ಸ್ವಲ್ಪ ಹೊತ್ತು ನಿಧಾನಕ್ಕೆ ಓಡಲು ಬಿಡದೆ ಥಟ್ಟನೆ ನಿಲ್ಲಿಸುವವರಂತೂ ಎಲ್ಲರೂ. ಕೊನೆಗೆ ಒಳಗಿನ ಪಿಸ್ಟನ್ ಒಣಗಿ, ಗೀರಿ, ಅಲ್ಲೇ ಹಿಡಿದುಕೊಳ್ಳುತ್ತದೆ.

ಅವರ ಹೆಸರಿದ್ದದ್ದು ಕಿವಿಯಲ್ಲಿ. ಕಾರ್ಬುರೇಟರಿನ ಒಂದು ಸಣ್ಣ ಸ್ಕ್ರೂ, ಒಳಗೆ ಎಷ್ಟು ಪೆಟ್ರೋಲ್ ಹೋಗಬೇಕೆಂದು ತೀರ್ಮಾನಿಸುತ್ತದೆ. ಅದು ಕಮ್ಮಿಯಾದರೆ ಆಯಿಲೂ ಕಮ್ಮಿಯಾಗುತ್ತದೆ. ಮರಕ್ಕೆ ತಾಗಿಸದೆ ಪೂರ್ತಿ ವೇಗ ಕೊಟ್ಟಾಗ ಇಂಜಿನ್ ಹೋರಿಯ ಹಾಗೆ ಗುಟುರು ಹಾಕಬೇಕಂತೆ. ಚೀರಿದರೆ ಒಳಗೆ ಒಣಗುತ್ತಿದೆ ಎಂದು ಅರ್ಥ. ಅಲ್ಲಾಬಕ್ಷ ಕಣ್ಣು ಮುಚ್ಚಿ ಸ್ಕ್ರೂ ತಿರುಗಿಸಿದರೆ ಆ ಮೆಷಿನ್ ವರ್ಷಗಟ್ಟಲೆ ತಿರುಗಿ ಬರುತ್ತಿರಲಿಲ್ಲ.

ಈ ವರ್ಷದ ಮೇ ತಿಂಗಳಲ್ಲಿ ತಿರುಗಿ ಬರತೊಡಗಿದವು. ಮಳೆಗೆ ಮುಂಚೆ ರಸ್ತೆಬದಿಯ ಕೊಂಬೆ ಕಡಿಸುವ ಕಂಟ್ರಾಕ್ಟರ್ ಒಬ್ಬನ ಸೂಪರ್‌ವೈಸರ್ ಅಮೋಲ್, ಇಂಜಿನ್ ಹಿಡಿದುಹೋದ ಮೆಷಿನ್ ತಂದಿಟ್ಟ. ಅಲ್ಲಾಬಕ್ಷ ಅವನಿಗೆ ಚೆನ್ನಾಗಿ ಉಗಿದರು. ಮುಂದಿನ ವಾರ ಇನ್ನೊಂದು ಬಂತು. ಮತ್ತೆ ಉಗಿದರು. ಆ ದಿನಗಳಲ್ಲಿ ನಾನು ಚಹಾಕ್ಕೆ ಕರೆದರೂ ಅವರು ತಿರುಗಿ ನೋಡುತ್ತಿರಲಿಲ್ಲ. ಸೊಕ್ಕು ಎಂದುಕೊಂಡು ನಾನೂ ಮುಖ ಗಂಟಿಕ್ಕಿಕೊಂಡೆ.

ಮೂರನೆಯ ಸಲ ಅಮೋಲ್ ಅಂಥದೇ ಮೆಷಿನ್ ಹೊತ್ತು ಬಂದಾಗ ಅವನ ಮುಖವೇ ಸರಿಯಿರಲಿಲ್ಲ. ಪೆಟ್ರೋಲ್ ಬೆರೆಸಿಕೊಟ್ಟದ್ದು ನೀವೇ, ಫಿಲ್ಟರ್ ಹೊಸದು, ಚೈನಿಗೆ ಅರ ಹಾಕಿದ್ದು ದಾವಲಬಿ ಚಾಚಿ, ಇನ್ನು ಯಾರನ್ನು ದೂರಲಿ ಎಂದು ಹಿಂದಿಯಲ್ಲಿ ಕೇಳಿದ. ಇನ್ನೊಂದು ಮೆಷಿನ್ ಹೀಗಾದರೆ ಎಲ್ಲವನ್ನೂ ಸಾಂತಾಕ್ರೂಜಿನ ಅಂಗಡಿಗೆ ಒಯ್ಯಬೇಕೆಂದು ಸೇಠ್ ಹೇಳಿದ್ದಾನಂತೆ. ಮಳೆಗೆ ಮುಂಚಿನ ಈ ಕೆಲಸವೇ ಅಲ್ಲಾಬಕ್ಷರ ಅಂಗಡಿಯ ಜೀವ. ಒಬ್ಬ ಬಿಟ್ಟರೆ ಉಳಿದವರೂ ಬಿಡುತ್ತಾರೆ. ನಾನು ಗಲ್ಲಾದಿಂದೆದ್ದು ಬಾಗಿಲಿಗೆ ಬಂದು ನಿಂತೆ.

ಅಲ್ಲಾಬಕ್ಷ ಆಗತಾನೇ ಸರಿಮಾಡಿಟ್ಟಿದ್ದ ಮೆಷಿನ್ ಎತ್ತಿಕೊಂಡು ಹಗ್ಗ ಎಳೆದರು, ಪೂರ್ತಿ ವೇಗ ಕೊಟ್ಟರು. "ಸುನ್, ಕೈಸಾ ಗುರ್ರಾತಾ ಹೈ!" ಹೇಗೆ ಗುಟುರು ಹಾಕುತ್ತದೆ ಕೇಳು ಎಂದು ಅಮೋಲನತ್ತ ಜಂಬದಿಂದ ನೋಡಿದರು.

ದಾವಲಬಿ ಚೈನಿನಿಂದ ತಲೆಯೆತ್ತದೆ, ಆದರೆ ಗಟ್ಟಿಯಾಗಿ, ಕನ್ನಡದಲ್ಲಿ ಹೇಳಿದರು: "ಅದು ಗುಟುರಲ್ರೀ. ಚೀರಾಕತ್ತೈತಿ."

ಅಲ್ಲಾಬಕ್ಷ ಹೆಂಡತಿಯನ್ನು ದುರುಗುಟ್ಟಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. "ಮೋನಪ್ಪಣ್ಣಾರ, ನೀವಾರ ಹೇಳ್ರಿ."

ಸುಳ್ಳು ಹೇಳೋಣವೆನ್ನಿಸಿತು. ಆದರೆ ಆ ಸದ್ದು ನನ್ನ ಕಿವಿಯನ್ನೇ ಕೊರೆಯುತ್ತಿತ್ತು. "ಚೀರ್ತಾ ಉಂಟು ಮಾರಾಯ್ರೆ," ಎಂದು ಕೂಗಿದೆ.

ಅವರು ಮೆಷಿನ್ನನ್ನು ಥಟ್ಟನೆ ನಿಲ್ಲಿಸಿಬಿಟ್ಟರು. ಅಮೋಲನಿಗೆ ಒಂದೂ ತಿಳಿಯಲಿಲ್ಲ. ಚಾಚಿ ಏನಂದರು ಎಂದು ಕೇಳಿದ. "ಕುಛ್ ನೈ ಬೇಟಾ, ಖಾನೇ ಕಾ ಪೂಛೀ," ಎಂದು ದಾವಲಬಿ ನಗುನಗುತ್ತ ಮುಚ್ಚಿಹಾಕಿದರು. ಊಟದ ಮಾತಂತೆ! ಆ ಹೆಂಗಸು ಗಂಡನಿಗೆ ತಪ್ಪಿಸಿಕೊಳ್ಳುವ ದಾರಿ ತೆರೆದಿಟ್ಟಿದ್ದರು. ಈ ಸಲದ ಆಯಿಲೇ ಕೆಟ್ಟದ್ದು ಎಂದರೆ ಮುಗಿಯುತ್ತಿತ್ತು. ಹಾಗೆ ಹೇಳಲಿ ದೇವರೇ ಎಂದು ನಾನೂ ಮನಸ್ಸಿನಲ್ಲಿ ಬೇಡಿಕೊಂಡೆ.

ಅಲ್ಲಾಬಕ್ಷ ಕೈಯ ಜಿಡ್ಡನ್ನು ಬಟ್ಟೆಗೆ ಒರೆಸಿಕೊಂಡು ಹಿಂದಿಯಲ್ಲೇ ಹೇಳಿದರು: "ಗಲತೀ ಮೇರೀ ಹೈ, ಅಮೋಲ್. ಮೇರೇ ಕಾನ್ ಗಯೇ."

ತಪ್ಪು ನನ್ನದು, ನನ್ನ ಕಿವಿ ಹೋಗಿದೆ. ಇಡೀ ರಸ್ತೆಗೆ ತಿಳಿಯುವ ಭಾಷೆಯಲ್ಲಿ ಹೇಳಿದರು. ಇಷ್ಟು ವರ್ಷ ಜಗಳವಾಡಿದ ಮನುಷ್ಯನ ಮೇಲೆ ನನಗೆಷ್ಟು ಪ್ರೀತಿಯಿದೆ ಎಂಬುದು ಅಂದೇ ತಿಳಿದದ್ದು.

ಅಮೋಲ್ ಬೈಯಲಿಲ್ಲ, ಹೋಗಲೂ ಇಲ್ಲ. ಅಲ್ಲಾಬಕ್ಷ ತಮ್ಮ ಸ್ಟೂಲನ್ನು ಹೆಂಡತಿಯ ಮಣೆಯ ಹತ್ತಿರ ಎಳೆದುಕೊಂಡು ಮೆಷಿನ್ನನ್ನು ಇಬ್ಬರ ನಡುವೆ ಇಟ್ಟರು. "ನಾ ತಿರವ್ತೀನಿ, ನೀ ಹೇಳು," ಎಂದರು. ದಾವಲಬಿ ಅರ ಕೆಳಗಿಟ್ಟು ಸೆರಗು ಸರಿಮಾಡಿಕೊಂಡರು. ಇಂಜಿನ್ ಮತ್ತೆ ಚೀರಿತು. ಅಲ್ಲಾಬಕ್ಷ ಸ್ಕ್ರೂವನ್ನು ಚೂರುಚೂರೇ ತಿರುಗಿಸುತ್ತ ಹೆಂಡತಿಯ ಮುಖವನ್ನೇ ನೋಡುತ್ತಿದ್ದರು. ಸದ್ದು ದಪ್ಪಗಾಗುತ್ತ ಬಂತು, ತೊದಲಿತು, ಗುಟುರಿಗೆ ಇಳಿಯಿತು. ದಾವಲಬಿ ಕೈಯೆತ್ತಿದರು. ಅಮೋಲ್ ಅದನ್ನೇ ಒಯ್ದ. ಮಳೆ ಹಿಡಿಯುವವರೆಗೆ ಅದು ದಿನವಿಡೀ ಓಡಿದರೂ ತಿರುಗಿ ಬರಲಿಲ್ಲ. ಬಂದದ್ದು ಅವನ ಸೇಠನ ಉಳಿದ ಮೆಷಿನ್‌ಗಳು.

ಅಮೋಲ್ ಹೋದ ಮೇಲೆ, ಆ ಮಧ್ಯಾಹ್ನ, ಇಬ್ಬರನ್ನೂ ನಾನೇ ಹೋಟೆಲಿನೊಳಗೆ ಕರೆದು ಕೂರಿಸಿದೆ. ಎದುರುಬದುರು ಕುಳಿತು ಚಹಾ ಕುಡಿದರು. ಲೋಟ ಕೆಳಗಿಟ್ಟು ಅಲ್ಲಾಬಕ್ಷ ಕೇಳಿದರು: "ನಿನಗ ಮೊದಲ ಗೊತ್ತಿತ್ತಲ್ಲ. ಯಾಕ ಹೇಳಲಿಲ್ಲ?"

"ರಮ್ಜಾನದಾಗಿಂದ ಹೇಳಾಕತ್ತೀನ್ರೀ," ಎಂದರು ದಾವಲಬಿ ಮೆಲ್ಲಗೆ. "ನೀವ ಕೇಳಲಿಲ್ಲ."

"ಏನಂದಿ?"

ದಾವಲಬಿ ಎದ್ದು, ತಮ್ಮ ಕುರ್ಚಿಯನ್ನು ಗಂಡನ ಪಕ್ಕಕ್ಕೆ ಎಳೆದುಕೊಂಡು ಕುಳಿತು, ಅವರ ಕಿವಿಯ ಹತ್ತಿರ ಬಾಗಿ ಮತ್ತೊಮ್ಮೆ ಹೇಳಿದರು.