ಹೆಬ್ಬೆರಳಿನ ವೈದ್ಯ

ನಮ್ಮ ಕಟ್ಟಡದ ಪಂಪು ಮಾವ ಜೀವಮಾನವಿಡೀ ರಿಪೇರಿ ಮಾಡಿದ್ದು ನೀರಿನ ಪಂಪುಗಳನ್ನು, ಆದರೆ ಗತ್ತು ಮಾತ್ರ ದೊಡ್ಡಾಸ್ಪತ್ರೆಯ ಡಾಕ್ಟರದ್ದು. ಬೆಳಗಾಯಿತೆಂದರೆ ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿ ಕೂತುಬಿಡುತ್ತಾರೆ. ಹತ್ತುವವರಾಗಲಿ ಇಳಿಯುವವರಾಗಲಿ ಕೈ ಕೊಡದೆ ದಾಟುವಂತಿಲ್ಲ. ಮಣಿಕಟ್ಟಿನ ಮೇಲೆ ತಮ್ಮ ದಪ್ಪ ಹೆಬ್ಬೆರಳನ್ನು ಒತ್ತಿ, ಕಣ್ಣು ಮುಚ್ಚಿ, "ಹೃದಯ ಅಂದ್ರೆ ಏನಂದ್ಕೊಂಡಿದ್ದೀಯಮ್ಮ? ಪಂಪು! ನಾಲ್ಕು ಕೋಣೆ, ನಾಲ್ಕು ವಾಲ್ವು. ಬಲಗಡೆಯಿಂದ ಶ್ವಾಸಕೋಶಕ್ಕೆ, ಎಡಗಡೆಯಿಂದ ಮೈಗೆಲ್ಲ" ಎಂದು ಶುರುವಿಟ್ಟರೆ, ನಮ್ಮ ಕೈಲಿರುವ ಹಾಲು ಒಡೆಯುವವರೆಗೂ ಬಿಡುಗಡೆಯಿಲ್ಲ. ಅಷ್ಟೆಲ್ಲ ಕೊರೆದ ಮೇಲೆ ಕೊಡುವ ತೀರ್ಪು ಎಲ್ಲರಿಗೂ ಒಂದೇ: "ಹತ್ತು ಬಡಿತಕ್ಕೊಂದು ತಪ್ಪುತ್ತೆ. ವಾಲ್ವು ಸವೆದಿದೆ." ಇಸ್ತ್ರಿಯವನಿಗೂ ತಪ್ಪಿತು, ಓಟದಲ್ಲಿ ಪದಕ ಗೆದ್ದ ಹುಡುಗಿಗೂ ತಪ್ಪಿತು, ಅವರ ಹೆಂಡತಿಗಂತೂ ಎರಡು ವರ್ಷದಿಂದ ತಪ್ಪುತ್ತಲೇ ಇದೆಯಂತೆ. "ನಿಮ್ಮ ಬಾಯಿ ಒಂದು ದಿನ ನಿಲ್ಲಲಿ, ನನ್ನ ಹೃದಯ ತಾನಾಗೇ ಸರಿಹೋಗುತ್ತೆ" ಎನ್ನುತ್ತಾರೆ ಆಕೆ. ಮೊನ್ನೆ ಎರಡನೇ ಮಹಡಿಗೆ ಹೊಸದಾಗಿ ಬಂದ ನರ್ಸಮ್ಮ ಕೈ ಕೊಟ್ಟವಳೇ ನಕ್ಕುಬಿಟ್ಟಳು: "ಹೆಬ್ಬೆರಳಲ್ಲಿ ನೋಡ್ಬಾರ್ದು ಮಾವ, ಅದರೊಳಗೂ ನಾಡಿ ಬಡಿಯುತ್ತೆ. ಇಷ್ಟು ದಿನ ನೀವು ಎಣಿಸಿದ್ದು ನಿಮ್ಮದನ್ನೇ!" ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು, ಇಂಥ ವೈದ್ಯನಿಗೆ ಇದೇ ಆಗಬೇಕಿತ್ತು ಎಂದು. ನಗದೆ ಉಳಿದವರು ಅವರ ಹೆಂಡತಿಯೊಬ್ಬರೇ. ಪಾತ್ರೆ ತೊಳೆಯುತ್ತಿದ್ದ ಒದ್ದೆ ಕೈಯಲ್ಲೇ ಹೊರಗೆ ಬಂದು, ಗಂಡನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು, "ಹಾಗಾದ್ರೆ ಎರಡು ವರ್ಷದಿಂದ ತಪ್ತಾ ಇರೋದು ನಿಮ್ಮದು. ಏಳಿ, ಚಪ್ಪಲಿ ಹಾಕ್ಕೊಳ್ಳಿ, ಆಸ್ಪತ್ರೆಗೆ ಹೋಗೋಣ" ಎಂದರು.