ಮೇಷ್ಟ್ರ ಬಲಗಣ್ಣು

ಕಣ್ಣಾಸ್ಪತ್ರೆಯಲ್ಲಿ ಎದುರಿಗೆ ಅವರನ್ನು ಸರ್ ಎನ್ನುತ್ತಿದ್ದರು, ಬೆನ್ನ ಹಿಂದೆ ಕೈಕಟ್ಟು ಮೇಷ್ಟ್ರು ಎನ್ನುತ್ತಿದ್ದರು. ಬೆನ್ನ ಹಿಂದಿನ ಹೆಸರು ಅವರ ಕಿವಿಗೂ ಬಿದ್ದಿತ್ತು. ಕೋಪ ಬರುವ ಬದಲು ಒಳಗೊಳಗೇ ಖುಷಿಯಾಗಿತ್ತು. ಆಪರೇಷನ್ ಕೋಣೆಯಲ್ಲಿ ಶಿಷ್ಯರು ರೋಗಿಯ ಕಣ್ಣಿಗೆ ಕೈ ಹಾಕಿದರೆ ಸಾಕು, ಮೇಷ್ಟ್ರು ಪಕ್ಕದ ಸ್ಟೂಲಿನಲ್ಲಿ ಕೂತು, ಮೈಕ್ರೋಸ್ಕೋಪಿನ ಇನ್ನೊಂದು ಜೊತೆ ಗಾಜಿಗೆ ಕಣ್ಣಿಟ್ಟು, ಒಂದನೇ ಕ್ಲಾಸಿನ ಹುಡುಗನ ಹಾಗೆ ಎರಡೂ ಕೈಗಳನ್ನು ಎದೆಗೆ ಕಟ್ಟಿಬಿಡುತ್ತಿದ್ದರು. ಶಿಷ್ಯ ಬೆವರಲಿ, ನಡುಗಲಿ, ಮನಸ್ಸಿನಲ್ಲೇ ಮನೆದೇವರನ್ನು ಕರೆಯಲಿ, ಆ ಕೈ ಸುಲಭಕ್ಕೆ ಬಿಚ್ಚುತ್ತಿರಲಿಲ್ಲ.

ಈ ಬುದ್ಧಿ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ, ಒಂದು ಜಾರುವ ಮೆಟ್ಟಿಲಿನಿಂದ ಬಂದದ್ದು. ಅವರು ಕಲಿಯುತ್ತಿದ್ದ ಕಾಲದಲ್ಲಿ ಅವರಿಗೂ ಒಬ್ಬ ಗುರು ಇದ್ದರು. ಸಿಟ್ಟು ಸದಾ ಮೂಗಿನ ತುದಿಯಲ್ಲಿ, ಹಾಗಾಗಿ ಅವರ ಹೆಸರು ಸಿಡುಕಪ್ಪ. ಕೈ ಮಾತ್ರ ಬಂಗಾರದಂಥದ್ದು. ಆದರೆ ಆ ಕೈ ಯಾರಿಗೂ ಚಾಕು ಬಿಟ್ಟುಕೊಡುತ್ತಿರಲಿಲ್ಲ. ಶಿಷ್ಯ ಹೊಲಿಗೆಯ ಒಂದು ಗಂಟು ಹಾಕುವಷ್ಟರಲ್ಲಿ “ಸರಿ ಸರಿ, ಇತ್ತ ಕೊಡು, ನೋಡಿ ಕಲಿ” ಎಂದು ಕಿತ್ತುಕೊಳ್ಳುತ್ತಿದ್ದರು. ನೋಡಿ ನೋಡಿ ಮೇಷ್ಟ್ರ ಕಣ್ಣೇ ಸೋತಿತ್ತು, ಕೈ ಏನೂ ಕಲಿತಿರಲಿಲ್ಲ. ಒಂದು ಬೆಳಿಗ್ಗೆ ಸಿಡುಕಪ್ಪನವರು ಆಸ್ಪತ್ರೆಯ ಒದ್ದೆ ಮೆಟ್ಟಿಲಿನಲ್ಲಿ ಜಾರಿ ಬಲಗೈ ಮುರಿದುಕೊಂಡರು. ವಾರ್ಡಿನ ತುಂಬ ರೋಗಿಗಳು, ಬೇರೆ ಸರ್ಜನ್ ಇಲ್ಲ. ಪ್ಲಾಸ್ಟರ್ ಹಾಕಿದ ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು ಬಂದು, “ಹೂಂ, ಹಿಡಿ” ಎಂದರು. ಅವತ್ತು ಮೇಷ್ಟ್ರು ಮೊದಲ ಸಲ ಒಂದು ಕಣ್ಣನ್ನು ಶುರುವಿನಿಂದ ಕೊನೆಯವರೆಗೆ ಮಾಡಿದರು. ಗುರುಗಳ ಬಾಯಿ ಉದ್ದಕ್ಕೂ ಬೈಯುತ್ತಲೇ ಇತ್ತು. ಕೈ ಬರುವಂತಿರಲಿಲ್ಲ, ಅಷ್ಟೇ. ಆ ಪ್ಲಾಸ್ಟರ್ ಇಲ್ಲದಿದ್ದರೆ ತಾನು ಇವತ್ತಿಗೂ ನೋಡುತ್ತಲೇ ಇರುತ್ತಿದ್ದೆ ಎಂದು ಮೇಷ್ಟ್ರು ಹೇಳದ ವರ್ಷವಿಲ್ಲ.

ತಾವೇ ಮೇಷ್ಟ್ರಾದ ಮೇಲೆ ಕೈ ಮುರಿದುಕೊಳ್ಳಲಾಗದೆ ಕೈ ಕಟ್ಟಿಕೊಂಡರು. ಆದರೆ ಸುಮ್ಮಸುಮ್ಮನೆ ಯಾರ ಕೈಗೂ ಕಣ್ಣು ಕೊಡುವವರಲ್ಲ. ಮೊದಲು ಮಾಂಸದಂಗಡಿಯಿಂದ ತರಿಸಿದ ಆಡಿನ ಕಣ್ಣುಗಳು, ಜೊತೆಗೆ ಟೊಮೆಟೊ. ಟೊಮೆಟೊದ ಮೇಲಿನ ತೆಳು ಸಿಪ್ಪೆಯನ್ನು ಹರಿಯದ ಹಾಗೆ, ದುಂಡಗೆ, ಬಿಲ್ಲೆಯಷ್ಟು ಬಿಡಿಸಬೇಕು. ಬಿಡಿಸಿದ ಟೊಮೆಟೊ ಮೇಷ್ಟ್ರ ಚೀಲದಲ್ಲಿ ಮನೆ ಸೇರುತ್ತಿತ್ತು. “ನಿಮ್ಮ ಶಿಷ್ಯರು ತೂತು ಮಾಡಿದ್ದನ್ನೇ ತಿಂದು ನನ್ನ ಜನ್ಮ ಕಳೀತು” ಎಂದು ಅವರ ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾರೆ.

ಹೆಂಡತಿಯೂ ಮೇಷ್ಟ್ರೇ. ಕಾಲೇಜಿನಲ್ಲಿ ಚರಿತ್ರೆ ಹೇಳುತ್ತಿದ್ದರು, ಪಿಎಚ್‌ಡಿ ಮಾಡುವವರಿಗೆ ಗೈಡ್ ಆಗಿದ್ದರು. ಅವರದು ತದ್ವಿರುದ್ಧ ದಾರಿ. ವಿದ್ಯಾರ್ಥಿ ಒಂದು ಅಧ್ಯಾಯ ತಂದುಕೊಟ್ಟರೆ ಊಟದ ಮೇಜಿನ ಮೇಲೆ ಹರಡಿಕೊಂಡು, ಕೆಂಪು ಪೆನ್ನಿನಲ್ಲಿ ತಿದ್ದಿ ತಿದ್ದಿ, ಕೊನೆಗೆ ಪೂರ್ತಿ ತಾವೇ ಬರೆದುಬಿಡುತ್ತಿದ್ದರು.

“ಡಾಕ್ಟರೇಟ್ ನಿನಗೆ ಎಷ್ಟು ಸಲ ಬರ್ಬೇಕೇ?” ಎಂದು ಮೇಷ್ಟ್ರು ಕಾಲೆಳೆಯುತ್ತಿದ್ದರು.

“ನನ್ನ ಹುಡುಗರು ಹಾಳು ಮಾಡಿದ್ದನ್ನ ಹರಿದು ಹಾಕಿ ಇನ್ನೊಂದ್ಸಲ ಬರೀಬಹುದು. ನಿಮ್ಮ ಹುಡುಗರು ಹಾಳು ಮಾಡಿದ್ರೆ?” ಎಂದು ಆಕೆ ತಿರುಗಿ ಕೇಳುತ್ತಿದ್ದರು.

ಎಂಥ ದಿನಗಳವು! ಸ್ಟೆರಿಲೈಸರಿನ ಹಬೆ, ಸ್ಪಿರಿಟ್ಟಿನ ವಾಸನೆ, ಸ್ಟೀಲ್ ಬಟ್ಟಲುಗಳ ಸದ್ದು, ಒಂದೊಂದು ಕಣ್ಣಾದ ಮೇಲೂ ಹೊರಗಿನ ಬೆಂಚಿನಲ್ಲಿ ಕೂತು ಕುಡಿಯುತ್ತಿದ್ದ ತಣ್ಣಗಾದ ಚಹಾ. ನಿವೃತ್ತಿಯಾದ ಮೇಲೆ ಮೇಷ್ಟ್ರಿಗೆ ಬೇರೆ ಏನೂ ಅಷ್ಟು ನೆನಪಾಗುತ್ತಿರಲಿಲ್ಲ. ಸಂಬಳ ಹೋದದ್ದಕ್ಕಾಗಲಿ, ಕುರ್ಚಿ ಹೋದದ್ದಕ್ಕಾಗಲಿ ಅವರು ಮರುಗಲಿಲ್ಲ. ಪಕ್ಕದಲ್ಲಿ ಒಂದು ಎಳೆಯ ಕೈ ಪಳಗುವುದನ್ನು ನೋಡುವ ಸುಖ ಹೋಯಿತಲ್ಲ, ಅದಕ್ಕೆ ಮರುಗುತ್ತಿದ್ದರು.

ಹೀಗಿರುವಾಗ ಅವರದೇ ಕಣ್ಣಿಗೆ ಪೊರೆ ಬಂತು. ಬೀದಿದೀಪದ ಸುತ್ತ ಬಳೆ ಕಾಣತೊಡಗಿತು, ಪೇಪರಿನ ಅಕ್ಷರ ಕಲಸಿಹೋಯಿತು. ಬಲಗಣ್ಣು ಹೆಚ್ಚು, ಎಡಗಣ್ಣು ತುಸು ಕಡಿಮೆ. ಗಂಡಹೆಂಡಿರಿಬ್ಬರೂ ಹಳೆಯ ಆಸ್ಪತ್ರೆಗೇ ಹೋದರು. ಅಲ್ಲಿ ಈಗ ಮುಖ್ಯಸ್ಥೆ ಅವರದೇ ಶಿಷ್ಯೆ, ಗುಬ್ಬಿ. ಕಲಿಯಲು ಬಂದಾಗ ಅಷ್ಟು ಪುಟ್ಟಗೆ, ಅಷ್ಟು ಚಟುವಟಿಕೆಯಿಂದ ಇದ್ದಳೆಂದು ಮೇಷ್ಟ್ರೇ ಇಟ್ಟ ಹೆಸರು. ಈಗ ತಲೆಗೂದಲು ನೆರೆತಿದೆ, ಆಸ್ಪತ್ರೆಯೇ ಅವಳ ಮಾತು ಕೇಳುತ್ತದೆ, ಮೇಷ್ಟ್ರಿಗೆ ಮಾತ್ರ ಇನ್ನೂ ಗುಬ್ಬಿಯೇ.

“ನಾಳಿದ್ದೇ ಮಾಡ್ಬಿಡೋಣ ಸರ್. ನಾನೇ ಮಾಡ್ತೀನಿ” ಎಂದಳು ಗುಬ್ಬಿ.

“ಈಗ ಕಲೀತಾ ಇರೋರು ಯಾರಿದ್ದಾರೆ?”

ಮೇಷ್ಟ್ರ ತಲೆಯಲ್ಲಿ ಏನು ಓಡುತ್ತಿದೆ ಎಂದು ಗುಬ್ಬಿಗೆ ಗೊತ್ತಾಗದೆ ಇರುತ್ತದೆಯೇ? “ಒಬ್ಬ ಹುಡುಗ ಇದ್ದಾನೆ, ಉದ್ದಣ್ಣ ಅಂತೀವಿ. ಮೇಜಿನ ಕೆಳಗೆ ಅವನ ಮಂಡಿಗೇ ಜಾಗ ಸಾಲಲ್ಲ. ಒಂದೊಂದು ಹಂತಾನೂ ನನ್ನ ಜೊತೆ ಚೆನ್ನಾಗಿ ಮಾಡಿದ್ದಾನೆ. ಆದ್ರೆ ಪೂರ್ತಿ ಕಣ್ಣು ಇನ್ನೂ ಮಾಡಿಲ್ಲ. ಬೇಡ ಸರ್.”

“ನೀನು ಮೊದಲು ಪೂರ್ತಿ ಮಾಡಿದ ಕಣ್ಣು ಯಾರದೇ?”

“ಒಬ್ಬ ಅಜ್ಜೀದು.”

“ಕಲೀತಾ ಇರೋಳು ಮಾಡ್ಬಹುದಾ ಅಂತ ಆ ಅಜ್ಜೀನ ನಾನು ಒಂದು ಮಾತು ಕೇಳಿದ್ನಾ? ಆಗ ಯಾರೂ ಕೇಳ್ತಿರ್ಲಿಲ್ಲ. ಈಗ ನೀವು ಕೇಳ್ತೀರಂತೆ, ಒಳ್ಳೇದು. ನನ್ನನ್ನ ಕೇಳು, ನಾನು ಹೂಂ ಅಂತೀನಿ. ಅಷ್ಟು ಜನರ ಕಣ್ಣನ್ನ ನಿಮ್ಮ ಕೈಗೆ ಕೊಟ್ಟು ಮೇಷ್ಟ್ರು ಅನ್ನಿಸಿಕೊಂಡೆ. ನನ್ನ ಕಣ್ಣು ಬಂದಾಗ ಮಾತ್ರ ದೊಡ್ಡ ಡಾಕ್ಟರೇ ಬೇಕು ಅಂದ್ರೆ ಕನ್ನಡೀಲಿ ಮುಖ ಹೇಗೆ ನೋಡ್ಕೊಳ್ಳಲಿ?”

ಹೆಂಡತಿ ಮನೆಗೆ ಬಂದ ಮೇಲೆ ಬಾಗಿಲು ಹಾಕಿಕೊಂಡು ಸಹಸ್ರನಾಮ ಶುರುಮಾಡಿದರು. ಹಠ ಎಂದರು, ಜಂಬ ಎಂದರು, ವಯಸ್ಸಾದ ಮೇಲೆ ಬುದ್ಧಿ ಕೆಟ್ಟಿದೆ ಎಂದರು. ಕೊನೆಗೆ, “ನಾಳೆ ಹೆಚ್ಚುಕಡಿಮೆ ಆದ್ರೆ ನಿಮಗೆ ಪೇಪರ್ ಓದಿ ಹೇಳೋಳು ನಾನು ತಾನೇ?” ಎಂದು ಒಳಗೆ ಹೋದರು.

ಆಪರೇಷನ್ನಿನ ದಿನ ಉದ್ದಣ್ಣ ಬಂದು ಕಾಲು ಮುಟ್ಟುವಷ್ಟು ಬಗ್ಗಿ, “ಸರ್, ಮಾಡೋದು ನಾನೇ ಅಂತ ನಿಮಗೆ ಗೊತ್ತಿದೆ ತಾನೇ?” ಎಂದು ಕೇಳಿದ. “ಗೊತ್ತು ಮಾರಾಯ. ನಿನ್ನ ಮಂಡಿ ಜೋಪಾನ” ಎಂದು ಮೇಷ್ಟ್ರು ನಕ್ಕರು. ಆ ನಗು ಮುಖದ ಮೇಲೆ ಹಸಿರು ಬಟ್ಟೆ ಹೊದಿಸುವವರೆಗೆ ಉಳಿಯಿತು.

ಬಟ್ಟೆಯ ಕೆಳಗೆ ಬೇರೆಯದೇ ಲೋಕವಿತ್ತು. ಕಣ್ಣು ಮರಗಟ್ಟಿದೆ, ಎಚ್ಚರ ಮಾತ್ರ ಪೂರ್ತಿ ಇದೆ. ಮೇಲೆ ಬಣ್ಣಬಣ್ಣದ ಬೆಳಕು ನೀರಿನಲ್ಲಿ ಕಲಸಿದಂತೆ ತೇಲುತ್ತಿದೆ. ಜೀವಮಾನವೆಲ್ಲ ಮೇಲಿನಿಂದ ನೋಡಿದವರು ಮೊದಲ ಸಲ ಕೆಳಗಿನಿಂದ ನೋಡುತ್ತಿದ್ದರು. ಕಾಣದಿದ್ದರೇನು, ಕಿವಿಗೆ ಎಲ್ಲ ಗೊತ್ತಾಗುತ್ತಿತ್ತು. ಈಗ ಅಂಚಿನಲ್ಲಿ ಸಣ್ಣಗೆ ಕೊಯ್ದ. ಈಗ ಮೇಲಿನ ಪೊರೆ ದುಂಡಗೆ ಬಿಡಿಸುತ್ತಿದ್ದಾನೆ. ಈಗ ಯಂತ್ರ ಗುಂಯ್‌ಗುಟ್ಟಿತು, ಗಟ್ಟಿಯಾದದ್ದನ್ನು ಚೂರು ಮಾಡಿ ಹೀರುತ್ತಿದ್ದಾನೆ. ಪರವಾಗಿಲ್ಲ ಹುಡುಗ, ಎಂದುಕೊಂಡರು.

ಆಮೇಲೆ ಯಂತ್ರ ನಿಂತಿತು. ಮತ್ತೆ ಹೊರಟಿತು, ಮತ್ತೆ ನಿಂತಿತು. ಅಲ್ಲಿಗೆ ಸದ್ದೇ ಇಲ್ಲ.

ಮೇಷ್ಟ್ರಿಗೆ ಅರ್ಥವಾಯಿತು. ಕೊನೆಯ ಚೂರು ಉಳಿದಿದೆ. ಅದರ ಹಿಂದೆ ಈರುಳ್ಳಿಯ ಒಳಸಿಪ್ಪೆಗಿಂತ ತೆಳುವಾದ ಪರದೆ ಮೇಲೆದ್ದು ಬರುತ್ತಿದೆ. ಚೂರನ್ನು ಹೀರಲು ಹೋಗಿ ಪರದೆಯನ್ನು ಹೀರಿದರೆ ಅದು ಹರಿಯುತ್ತದೆ. ಹರಿದರೆ ಕಣ್ಣಿನ ಗತಿ ಏನೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಆ ಕೋಣೆಯಲ್ಲಿರಲಿಲ್ಲ. ಹುಡುಗನ ಉಸಿರು ಜೋರಾಗಿ ಕೇಳಿಸುತ್ತಿತ್ತು. ಗುಬ್ಬಿಯ ಸ್ಟೂಲಿನ ಚಕ್ರ ಕಿರುಗುಟ್ಟುತ್ತದೆಯೇ, ಅವಳು ಮುಂದೆ ಬಂದಳೇ ಎಂದು ಕಾದರು. ಚಕ್ರ ಕದಲಲಿಲ್ಲ. ತಾವು ಯಾರು, ಏನು ಹೇಳಿಕೊಂಡು ಬಂದಿದ್ದರು, ಎಲ್ಲ ಮೇಷ್ಟ್ರ ತಲೆಯಿಂದ ಹಾರಿಹೋಯಿತು.

“ಗುಬ್ಬೀ, ನೀನು ತಗೋ! ನೀನೇ ಮಾಡು!” ಎಂದು ಕೂಗಿಬಿಟ್ಟರು.

“ಸರ್, ಮಾತಾಡಬೇಡಿ. ತಲೆ ಅಲ್ಲಾಡುತ್ತೆ” ಎಂದಳು ಗುಬ್ಬಿ. ದನಿಯಲ್ಲಿ ಏರಿಳಿತವಿಲ್ಲ. ಹುಡುಗನಿಗೂ ಅದೇ ದನಿಯಲ್ಲಿ, “ಅವಸರ ಇಲ್ಲ” ಎಂದಳು. ಅಷ್ಟೇ.

ಆಮೇಲೆ ಕೇಳಿಸಿದ್ದು ಉದ್ದಣ್ಣನ ಮಾತು. “ಸಿಸ್ಟರ್, ಜೆಲ್ ಕೊಡಿ.” ಪರದೆಯನ್ನು ಹಿಂದಕ್ಕೆ ಒತ್ತಿಡಲು ಜೆಲ್ ಬೇಕು. ಮೇಷ್ಟ್ರೇ ಆ ಜಾಗದಲ್ಲಿದ್ದಿದ್ದರೂ ಅದನ್ನೇ ಕೇಳುತ್ತಿದ್ದರು. ಯಂತ್ರ ಮತ್ತೆ ಗುಂಯ್‌ಗುಟ್ಟಿತು, ಈ ಸಲ ಮೆಲ್ಲಗೆ. ಚೂರು ಹೋಯಿತು, ಪರದೆ ಉಳಿಯಿತು, ಹೊಸ ಲೆನ್ಸ್ ಒಳಗೆ ಕೂತಿತು. ಬಟ್ಟೆಯ ಕೆಳಗೆ ಮೇಷ್ಟ್ರ ಎಡಗಣ್ಣಿನಿಂದ ನೀರು ಕಿವಿಗೆ ಇಳಿಯುತ್ತಿತ್ತು. ಅರ್ಧ ನೆಮ್ಮದಿಗೆ, ಅರ್ಧ ನಾಚಿಕೆಗೆ.

ಮಾರನೆಯ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಗೋಡೆಯ ಸುಣ್ಣ ಹಳದಿಯಲ್ಲ, ಬಿಳಿ ಎಂದು ತಿಳಿಯಿತು. ಹೆಂಡತಿ ಉಟ್ಟ ಸೀರೆ ಬೂದಿಯಲ್ಲ, ನೀಲಿ. ಬಾಗಿಲ ಬಳಿ ಉದ್ದಣ್ಣ ತಲೆ ತಗ್ಗಿಸಿ ನಿಂತಿದ್ದ.

“ಬಾರಯ್ಯ ಇಲ್ಲಿ. ನಿನ್ನ ಕೈಯಿಂದ ಕಿತ್ಕೊಳ್ಳೋಕೆ ಹೇಳ್ದೆ ನಾನು. ಬೇಜಾರಾಯ್ತಾ?”

“ಆಯ್ತು ಸರ್. ಆದ್ರೆ ಮೇಡಂ ಕದಲಲೇ ಇಲ್ಲ. ನನ್ನ ಕೈಲಿ ಆಗುತ್ತೆ ಅಂತ ಅವರಿಗೆ ಗೊತ್ತಿದೆ ಅಂದ್ಕೊಂಡೆ. ಆಗ ಧೈರ್ಯ ಬಂತು.”

“ಚೆನ್ನಾಗಿ ಮಾಡಿದ್ದೀಯ. ಹೋಗು, ಹೊರಗೆ ಜನ ಕಾಯ್ತಿದ್ದಾರೆ.” ಹುಡುಗ ಬಾಗಿಲಿಗೆ ತಲೆ ಬಡಿಸಿಕೊಂಡು, ನಗುತ್ತ ಹೋದ.

ಅವನ ಹೆಜ್ಜೆ ಸದ್ದು ದೂರವಾದ ಮೇಲೆ ಮೇಷ್ಟ್ರು ಗುಬ್ಬಿಯ ಕಡೆ ತಿರುಗಿದರು. “ನಿಜವಾಗ್ಲೂ ಗೊತ್ತಿತ್ತೇನೇ, ಅವನ ಕೈಲಿ ಆಗುತ್ತೆ ಅಂತ?”

ಗುಬ್ಬಿ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, “ಇಲ್ಲ ಸರ್. ಕೈ ಮುಂದಕ್ಕೆ ಹೋಗದ ಹಾಗೆ ಹಲ್ಲು ಕಚ್ಚಿ ಕೂತಿದ್ದೆ. ಮುಗಿದ ಮೇಲೆ ಕೈ ತೊಳೆಯೋ ಕೋಣೇಲಿ ಅತ್ತುಬಿಟ್ಟೆ. ನಿಮ್ಮ ಹಾಗೆ ಗೊತ್ತಾಗೋ ಮಟ್ಟಕ್ಕೆ ನಾನು ಯಾವತ್ತೂ ಬರಲ್ಲ” ಎಂದಳು.

“ನನಗೆಲ್ಲಿ ಗೊತ್ತಾಗ್ತಿತ್ತು?”

“ಅಂದ್ರೆ? ಆ ಅಜ್ಜಿ ಕಣ್ಣು ಮಾಡೋವಾಗ...”

“ಗೊತ್ತಿರ್ಲಿಲ್ಲ ಕಣೇ. ಪ್ರಾಣ ಹೋಗ್ತಿತ್ತು ನನಗೆ.”

ಗುಬ್ಬಿ ಮಂಚದ ಅಂಚಿನಲ್ಲಿ ಕೂತಳು. “ನಿಮಗೆ ಗೊತ್ತಿದೆ ಅಂತಲೇ ಸರ್ ನಾನು ಅವತ್ತು ಮಾಡಿದ್ದು. ಇಷ್ಟು ವರ್ಷ ಅದನ್ನೇ ನೆಚ್ಚಿಕೊಂಡು ಬಂದೆ. ಒಂದು ದಿನವಾದ್ರೂ ಯಾಕೆ ಹೇಳ್ಲಿಲ್ಲ?”

ಮೇಷ್ಟ್ರು ಹೊಸ ಕಣ್ಣಿನಿಂದ ಅವಳ ಮುಖವನ್ನು ನೋಡಿದರು. “ನೀನು ಈಗ ಅವನಿಗೆ ಹೇಳಿದ್ಯಾ?” ಎಂದರು.