ಮಂಜಿನಲ್ಲಿ ಎರಡು ಪಟಾಕಿ

ಶಕುನ, ಮುನ್ಸೂಚನೆ, ಪವಾಡ ಇಂಥವನ್ನು ನಾನು ಎಂದೂ ನಂಬಿದವನಲ್ಲ. ಯಾರಾದರೂ ಹೇಳತೊಡಗಿದರೆ, ಕಡ್ಡಿಯನ್ನು ಗುಡ್ಡ ಮಾಡುತ್ತಿದ್ದಾರೆ ಎಂದು ಒಳಗೊಳಗೇ ನಗುತ್ತಿದ್ದೆ. ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡಿ ಹೊಟ್ಟೆ ಹೊರೆಯುವವನು ನಾನು. ಎಲ್ಲಾದರೂ ಸದ್ದಾಯಿತೆಂದರೆ ಒಂದು ಸ್ಕ್ರೂ ಸಡಿಲಾಗಿದೆ ಎಂಬುದೇ ನನ್ನ ವೇದಾಂತ. ಈಗ ನೀವು ನನ್ನನ್ನು ನೋಡಿ ನಕ್ಕರೂ ಬೇಸರವಿಲ್ಲ.

ಮೊದಲು ನಮ್ಮೂರಿನ ಸ್ಟೇಷನ್ನಿನ ಮಾತು ಹೇಳಬೇಕು. ಗದಗದ ಕಡೆಯ ಸಣ್ಣ ಊರು, ಒಂದೇ ಪ್ಲಾಟ್‌ಫಾರ್ಮು, ಬೆಳಿಗ್ಗೆ ಒಂದು ಸಂಜೆ ಒಂದು ಪ್ಯಾಸೆಂಜರ್. ಮೀಟರ್‌ಗೇಜಿನ ಕಾಲದಲ್ಲಿ ಎಂಜಿನ್ನುಗಳು ನೀರು ತುಂಬಿಸಿಕೊಳ್ಳಲೆಂದೇ ಅಲ್ಲಿ ನಿಲ್ಲುತ್ತಿದ್ದವಂತೆ. ಗೂಡ್ಸ್ ಗಾಡಿಗಳು ಹತ್ತಿ, ಉಳ್ಳಾಗಡ್ಡಿ ಹೇರಿಕೊಂಡು ಹೋಗುತ್ತಿದ್ದವು. ಬ್ರಾಡ್‌ಗೇಜ್ ಬಂದ ಮೇಲೆ ದೊಡ್ಡ ಗಾಡಿಗಳು ನಮ್ಮತ್ತ ತಿರುಗಿಯೂ ನೋಡದೆ ಹಾಯ್ದುಹೋಗತೊಡಗಿದವು. ಅಪ್ಪ ಅಲ್ಲಿ ಪಾಯಿಂಟ್ಸ್‌ಮನ್. ಗಾಡಿ ಬರುವ ಹಳಿ ಬದಲಿಸುವುದು, ಸಿಗ್ನಲ್ ದೀಪ ಹಚ್ಚುವುದು, ಬಾವುಟ ತೋರಿಸುವುದು ಅವನ ಕೆಲಸ.

ಚಳಿಗಾಲದಲ್ಲಿ ಮಂಜು ಕವಿದರೆ ಇನ್ನೊಂದು ಕೆಲಸವಿತ್ತು. ಪ್ಲಾಟ್‌ಫಾರ್ಮಿನಿಂದ ದೂರದಲ್ಲಿ ಗುರುತಿಗೆಂದು ಒಂದು ಕಂಬ. ಸ್ಟೇಷನ್ ಮಾಸ್ತರರಿಗೆ ಆ ಕಂಬ ಕಾಣಲಿಲ್ಲವೆಂದರೆ ಅಪ್ಪ ಡಬ್ಬಿ ಹಿಡಿದು ಸಿಗ್ನಲ್ಲಿನಿಂದಾಚೆ ನಡೆದುಹೋಗಿ, ಬಿಲ್ಲೆಯಂಥ ಎರಡು ಪಟಾಕಿಗಳನ್ನು ತುಸು ಅಂತರದಲ್ಲಿ ಹಳಿಗೆ ಬಿಗಿದು ಬರಬೇಕು. ಎಂಜಿನ್ನಿನ ಗಾಲಿ ಏರಿದಾಗ ಢಬ್, ಢಬ್. ಮುಂದೆ ಸಿಗ್ನಲ್ ಇದೆ, ಹುಷಾರು ಎಂದು ಡ್ರೈವರನಿಗೆ ತಿಳಿಯುತ್ತದೆ. ಒಂದು ಠುಸ್ಸೆಂದರೂ ಇನ್ನೊಂದಿರಲಿ ಎಂದು ಎರಡು. ಕ್ವಾರ್ಟರ್ಸಿನಲ್ಲಿ ಅವ್ವ ಎರಡೂ ಸದ್ದು ಕೇಳಿದ ಮೇಲೆಯೇ ಚಹಾಕ್ಕೆ ನೀರಿಡುತ್ತಿದ್ದಳು.

ಅವ್ವ ಹೋದ ಮೇಲೆ ಒಂದು ಚಳಿಗಾಲ ಅಪ್ಪನನ್ನು ವಿಸಿಟ್ ವೀಸಾದಲ್ಲಿ, ನಾನೂ ಹೆಂಡತಿಯೂ ಇರುವ ದುಬೈಗೆ ಕರೆಸಿಕೊಂಡಿದ್ದೆ. ಡಿಸ್ಕವರಿ ಗಾರ್ಡನ್ಸ್ ಎಂಬ ಬಡಾವಣೆಯಲ್ಲಿ ನಮ್ಮದು ಮೂರನೇ ಮಹಡಿ. ಅಪ್ಪ ಬಂದ ವಾರದಲ್ಲೇ ಬಾಲ್ಕನಿಯಿಂದ ಕಾಣುವ, ಪಾರ್ಕಿಂಗಿನ ಆಚೆಯ ದೀಪದ ಕಂಬವೊಂದನ್ನು ತನ್ನದಾಗಿಸಿಕೊಂಡ. ಬೆಳಿಗ್ಗೆ ಎದ್ದವನೇ ಅದನ್ನು ನೋಡುತ್ತಿದ್ದ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ನಾನು ಚುಡಾಯಿಸುತ್ತಿದ್ದೆ.

ಒಂದು ಮುಂಜಾನೆ ಅಲ್ ಐನ್‌ನ ಆಸ್ಪತ್ರೆಯೊಂದಕ್ಕೆ ಹೊರಟಿದ್ದೆ. ಅಪ್ಪ ಬಾಗಿಲಿಗೆ ಅಡ್ಡ ಬಂದ.

"ಇವತ್ತ ಹೋಗಬ್ಯಾಡೋ. ಕಂಬ ಕಾಣವಲ್ದು."

"ಹಂಗಾರ ಪಟಾಕಿ ಇಟ್ಟ ಬಾ ಹೋಗು. ಇದು ದುಬೈ ಅಪ್ಪಾ, ಪೊಲೀಸರು ಹಿಡ್ಕೊಂಡ ಹೋಗ್ತಾರ" ಎಂದು ನಕ್ಕೆ. ಅಪ್ಪ ನಗಲಿಲ್ಲ. ನಾನು ಶೂ ಹಾಕಿಕೊಂಡು ಇಳಿದುಹೋದೆ.

ಜೊತೆಗೆ ಉಡುಪಿಯ ಕಡೆಯ ಸಹೋದ್ಯೋಗಿ ದಿನೇಶ ಇದ್ದ. ಅಲ್ ಐನ್ ರಸ್ತೆಗೆ ಬಂದಾಗ ಮಂಜು ಗಟ್ಟಿ ಹಾಲಿನಂತಿತ್ತು. ಹಿಂದೆ ಮುಂದೆ ಒಂದು ದೀಪವೂ ಇಲ್ಲ. ಮನೆಗೆ ತಿರುಗಿದರೆ ಅಪ್ಪನೆದುರು ಸೋತಂತೆ ಎಂಬ ಹಟ ನನಗೆ. ಗಾಡಿ ಅರವತ್ತರಲ್ಲಿತ್ತು.

ಆಗ ಮುಂದಿನ ಗಾಲಿಯ ಕೆಳಗೇ ಸದ್ದಾಯಿತು. ಢಬ್. ಒಂದು ಉಸಿರಿನಷ್ಟು ಬಿಟ್ಟು ಇನ್ನೊಂದು. ಢಬ್.

ಟೈರ್ ಒಡೆಯಿತು ಎಂದುಕೊಳ್ಳುವ ಮೊದಲೇ ನನ್ನ ಕಾಲು ಬ್ರೇಕಿನ ಮೇಲಿತ್ತು. ರಸ್ತೆಯ ಅಂಚಿಗೆ ತಂದು ನಿಲ್ಲಿಸಿದೆ.

"ಎಂಥ ಮಾರಾಯ, ಯಾಕೆ ನಿಲ್ಲಿಸಿದ್ದು?" ಎಂದ ದಿನೇಶ.

"ಸದ್ದು ಕೇಳಲಿಲ್ವಾ?"

"ಎಂಥದ್ದೂ ಇಲ್ಲ."

ಇಳಿದು ನೋಡಿದೆ. ನಾಲ್ಕೂ ಟೈರು ಸರಿಯಾಗಿದ್ದವು. ಅಷ್ಟರಲ್ಲಿ ಮಂಜಿನೊಳಗಿಂದ ಒಬ್ಬ ಪಠಾಣ ಓಡುತ್ತಾ ಬಂದ. ಅವನ ತರಕಾರಿ ಪಿಕಪ್ ಕೆಟ್ಟು, ದೀಪವೂ ಆರಿ, ನಾವು ಬರುತ್ತಿದ್ದ ಲೇನಿನಲ್ಲೇ ಅಡ್ಡ ನಿಂತಿತ್ತು. ಹೆಜ್ಜೆ ಎಣಿಸಿದೆ, ನಲವತ್ತೂ ಆಗಲಿಲ್ಲ. ಅವನು ಅದನ್ನು ಹಿಂದಿನಿಂದ ಒಬ್ಬನೇ ತಳ್ಳುತ್ತಿದ್ದನಂತೆ. ನನ್ನ ಗಾಡಿ ನೇರ ಅವನ ಬೆನ್ನಿಗೇ ಹೋಗುತ್ತಿತ್ತು. ಮೂವರೂ ಸೇರಿ ಪಿಕಪ್ಪನ್ನು ಬದಿಗೆ ತಳ್ಳಿದೆವು. ಏದುಸಿರು ಬಿಡುತ್ತಾ ಅವನು ಕೇಳಿದ:

"ಭಾಯಿ, ವೋ ದೋ ಧಮಾಕೆ ಕಾಯ್ಕೆ ಥೇ?"

ಎರಡು ಸದ್ದು ಅವನಿಗೂ ಕೇಳಿಸಿತ್ತು. ಅದಕ್ಕೇ ತಿರುಗಿ ನೋಡಿದನಂತೆ. ನನ್ನ ಪಕ್ಕದಲ್ಲೇ ಕೂತಿದ್ದ ದಿನೇಶನಿಗೆ ಕೇಳಿಸಿರಲಿಲ್ಲ. ಇದನ್ನು ಯಾವ ಸ್ಕ್ರೂವಿಗೆ ಹಚ್ಚಲಿ? ಮುಂದೆ ಬಿಸಿಲಿರುವ ದಿನ ಅಲ್ಲಿಗೆ ಹೋಗಿ ಇಳಿದೂ ನೋಡಿದೆ. ರಸ್ತೆ ಒಂದು ಉಬ್ಬೂ ಇಲ್ಲದೆ ಕನ್ನಡಿಯಂತಿತ್ತು.

ಅಂದು ದಾರಿಯಿಂದ ಮನೆಗೆ ಫೋನ್ ಮಾಡಿರಲಿಲ್ಲ. ಹೆಂಡತಿ ಹೆದರಿಯಾಳೆಂದು ದಿನೇಶನ ಬಾಯಿಗೂ ಬೀಗ ಹಾಕಿದ್ದೆ. ಸಂಜೆ ಬಂದಾಗ ಅಪ್ಪ ಬಾಲ್ಕನಿಯಲ್ಲೇ ಕೂತಿದ್ದ. ಬೆಳಗಿನಿಂದ ಅಲ್ಲಿಂದ ಎದ್ದಿಲ್ಲ, ಚಹಾ ಕೊಟ್ಟರೂ ಮುಟ್ಟಿಲ್ಲ ಎಂದಳು ಹೆಂಡತಿ. ನಾನು ಶೂ ಬಿಚ್ಚುತ್ತಿದ್ದೆ. ಅಪ್ಪ ಈ ಕಡೆ ತಿರುಗದೆಯೇ ಕೇಳಿದ:

"ಎರಡೂ ಹೊಡದ್ವೋ, ಒಂದ ಹೊಡೀತೋ?"

"ಎರಡೂ" ಎಂದೆ.

"ಚಲೋ ಆತು. ಮಂಜಿನ್ಯಾಗ ಮದ್ದು ಹಸಿ ಆಗತೈತಿ" ಎಂದವನೇ, ಸೊಸೆಯನ್ನು ಕೂಗಿ ಚಹಾ ಕೇಳಿದ.

ಇನ್ನೊಂದು ಮಾತು ಕೇಳಲು ನನಗೆ ಧೈರ್ಯವಾಗಲಿಲ್ಲ. ವೀಸಾ ಮುಗಿದು ಅಪ್ಪ ಊರಿಗೆ ಹೋದ, ಮರುವರ್ಷ ತೀರಿಕೊಂಡ. ಯೋಚಿಸಿ ಯೋಚಿಸಿ ಸಾಕಾಗಿದೆ, ಇವತ್ತಿಗೂ ನನಗೆ ಅರ್ಥವಾಗಿಲ್ಲ. ಈಗ ಚಳಿಗಾಲದ ಬೆಳಿಗ್ಗೆ ನಾನೂ ಬಾಲ್ಕನಿಗೆ ಹೋಗಿ ನಿಲ್ಲುತ್ತೇನೆ. ಕಂಬ ಕಾಣದಿದ್ದರೆ ಕಾರಿನ ಕೀಲಿ ಮುಟ್ಟುವುದಿಲ್ಲ. ಪಟಾಕಿ ಇಡಲು ಈಗ ಅಪ್ಪ ಇಲ್ಲ.